ಅಲ್ಲೂವೆ ಕೇರಿ ಇದ್ದದಾ?

ನನ್ನ ತಮ್ಮ ಸತ್ತಾಗ ಅವನಿಗೆ ನಾಲ್ಕು ವರ್ಷ. ಮೂರು ದಿನದ ಜ್ವರ. ಆಸ್ಪತ್ರೆ ಇದ್ದದ್ದು ಒಂಬತ್ತು ಮೈಲಿ ಆಚೆ, ಬಸ್ಸು ಬೆಳಗ್ಗೆ ಒಂದು, ಸಂಜೆ ಒಂದು. ಅವತ್ತು ಸಂಜೆ ಬಸ್ಸು ಬರಲಿಲ್ಲ. ಬೆಳಗಿನ ಬಸ್ಸು ಬರುವ ಹೊತ್ತಿಗೆ ಹುಡುಗ ಇರಲಿಲ್ಲ. ಅವ್ವ ನಾಟಿ ಕೆಲಸಕ್ಕೆ ಹೋಗುತ್ತಿದ್ದ ಮನೆಯ ಅಜ್ಜಿಯೊಬ್ಬರು, ಒಳ್ಳೆಯ ಹೆಂಗಸೇ, ಕೇರಿಯ ಬಾಯಿಗೆ ಬಂದು ದೂರದಲ್ಲಿ ನಿಂತು ಸಮಾಧಾನ ಹೇಳಿದರು: "ಅಳಬೇಡ ಕಣೇ. ಹೋದ ಜನ್ಮದ ಋಣ ಇಷ್ಟೇ ಇತ್ತು, ತೀರಿಸ್ಕೊಂಡು ಹೋದ. ಏನೂ ಅರೀದ ಮಗ, ಸೀದಾ ವೈಕುಂಠಕ್ಕೇ ಹೋಗಿರ್ತದೆ." ಅವ್ವ ಅಳು ನಿಲ್ಲಿಸಿ ಕೇಳಿದಳು: "ಅಲ್ಲೂವೆ ಕೇರಿ ಇದ್ದದಾ, ಅಮ್ಮಾರೇ?"

ಅಜ್ಜಿ ಏನೂ ಹೇಳದೆ ಹೊರಟುಹೋದರು. ಅವ್ವ ವ್ಯಂಗ್ಯಕ್ಕೆ ಕೇಳಿದ್ದಲ್ಲ. ಮಗು ಹೋದ ಊರಲ್ಲಿ ಅದನ್ನು ಎಲ್ಲಿ ಕೂರಿಸುತ್ತಾರೆ, ನೀರು ಕೊಡುವವರು ಎತ್ತರದಿಂದ ಹೊಯ್ಯುತ್ತಾರಾ ಅಂತ ತಾಯಿಗೆ ಬರುವ ಚಿಂತೆ ಅದು. ಆ ಪ್ರಶ್ನೆಯನ್ನು ಹಿಡಿದುಕೊಂಡೇ ನಾನು ಆಮೇಲೆ ಓದಿದ ಪುಸ್ತಕಗಳನ್ನೆಲ್ಲ ಓದಿದ್ದು. ಹುಟ್ಟು, ನೋವು, ಪರಲೋಕ ಈ ಮೂರನ್ನು ಕುರಿತು ಹಿಂದೂ ಭಕ್ತಿ ಪರಂಪರೆ ಏನು ಹೇಳುತ್ತದೆ ಅನ್ನುವುದನ್ನು ದಲಿತ ವಿಮರ್ಶೆಗೆ ಮೀಸಲಾದ ಈ ಸಂಚಿಕೆಯಲ್ಲಿ ವಿವರಿಸಲು ಹೊರಟಾಗಲೂ ನನಗೆ ಆ ಪ್ರಶ್ನೆಗಿಂತ ಒಳ್ಳೆಯ ಅಳತೆಗೋಲು ಸಿಗಲಿಲ್ಲ.

ಮೊದಲು ಹುಟ್ಟಿನ ಮಾತು. ಕರ್ಮಸಿದ್ಧಾಂತ ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಮಾಡಿದವನು ಉಣ್ಣುತ್ತಾನೆ, ಅಷ್ಟೇ. ಆದರೆ ಛಾಂದೋಗ್ಯ ಉಪನಿಷತ್ತಿನ ಐದನೇ ಅಧ್ಯಾಯಕ್ಕೆ ಬಂದಾಗ ಅದು ಉಣ್ಣುವ ತಟ್ಟೆಗಳನ್ನೂ ಬೇರೆ ಮಾಡಿ ಇಟ್ಟಿರುವುದು ತಿಳಿಯುತ್ತದೆ. ಒಳ್ಳೆಯ ನಡತೆಯವರು ಬ್ರಾಹ್ಮಣ, ಕ್ಷತ್ರಿಯ, ವೈಶ್ಯ ಯೋನಿಗಳಲ್ಲಿ ಹುಟ್ಟುತ್ತಾರಂತೆ. ಕೆಟ್ಟ ನಡತೆಯವರಿಗೆ ನಾಯಿ, ಹಂದಿ, ಚಾಂಡಾಲ. ಮೂರನ್ನೂ ಒಂದೇ ಉಸಿರಲ್ಲಿ ಹೇಳಿದೆ. ಇಲ್ಲಿ ಗಮನಿಸಬೇಕಾದ್ದು ಬೈಗುಳವನ್ನಲ್ಲ, ಲೆಕ್ಕ ಬರೆಯುವ ರೀತಿಯನ್ನು. ಕಣ್ಣಿಗೆ ಕಾಣುವ ಜಾತಿಯನ್ನು ಕಣ್ಣಿಗೆ ಕಾಣದ ನಡತೆಗೆ ಸಾಕ್ಷಿ ಮಾಡಿಕೊಳ್ಳಲಾಗಿದೆ. ನೀನು ಹೊಲೆಯನಾಗಿ ಹುಟ್ಟಿದ್ದೀಯೆ, ಆದ್ದರಿಂದ ಹಿಂದೆ ಕೆಟ್ಟವನಿದ್ದೆ. ಹಿಂದೆ ಕೆಟ್ಟವನಿದ್ದೆ, ಆದ್ದರಿಂದ ಹೊಲೆಯನಾಗಿ ಹುಟ್ಟಿದ್ದೀಯೆ. ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತು ಸುತ್ತಿದ ಹಾಗೆ. ಯಾವ ಕೋರ್ಟಿನಲ್ಲೂ ಇಂಥ ಸಾಕ್ಷಿ ನಿಲ್ಲುವುದಿಲ್ಲ. ನಮ್ಮ ಊರುಗಳಲ್ಲಿ ಮಾತ್ರ ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ನಿಂತಿದೆ.

ಸರಿ, ಮೇಲೆ ಬರಲು ಎಷ್ಟು ಕಾಲ ಹಿಡಿಯುತ್ತದೆ? ಮಹಾಭಾರತದ ಅನುಶಾಸನ ಪರ್ವದಲ್ಲಿ ಅದಕ್ಕೂ ಲೆಕ್ಕವಿದೆ. ಮತಂಗ ಎಂಬ ಹುಡುಗ ಬ್ರಾಹ್ಮಣನ ಮನೆಯಲ್ಲಿ ಬೆಳೆದವನು. ಗಾಡಿಗೆ ಕಟ್ಟಿದ ಕತ್ತೆಮರಿಯ ಮೂಗಿಗೆ ಚುಚ್ಚುತ್ತಾನೆ. ತಾಯಿಕತ್ತೆ ಮರಿಗೆ ಸಮಾಧಾನ ಹೇಳುತ್ತದೆ, ಬಿಡು, ಇವನು ಬ್ರಾಹ್ಮಣನಲ್ಲ, ಚಾಂಡಾಲ, ಅದಕ್ಕೇ ಈ ಕ್ರೌರ್ಯ ಅಂತ. ಹುಡುಗನ ತಾಯಿ ಬ್ರಾಹ್ಮಣಿ, ತಂದೆ ಕ್ಷೌರಿಕ. ಅಂದರೆ ಆ ಕತ್ತೆಗೂ ಧರ್ಮಶಾಸ್ತ್ರ ಗೊತ್ತು! ಮತಂಗ ಬ್ರಾಹ್ಮಣ್ಯ ಬೇಕೆಂದು ತಪಸ್ಸಿಗೆ ಕೂರುತ್ತಾನೆ. ಇಂದ್ರ ಬಂದು ಆಗುವುದಿಲ್ಲ ಅನ್ನುತ್ತಾನೆ. ಚಾಂಡಾಲ ಸಾವಿರ ವರ್ಷಕ್ಕೆ ಶೂದ್ರನಾಗುತ್ತಾನೆ, ಅದರ ಮೂವತ್ತು ಪಟ್ಟು ಕಾಲಕ್ಕೆ ವೈಶ್ಯ, ಅದರ ಅರವತ್ತು ಪಟ್ಟಿಗೆ ಕ್ಷತ್ರಿಯ, ಅದರ ಅರವತ್ತು ಪಟ್ಟಿಗೆ ಹೆಸರಿಗೆ ಮಾತ್ರ ಬ್ರಾಹ್ಮಣ. ಗುಣಿಸುತ್ತಾ ಹೋದರೆ ಸಾವಿರ ಮೂವತ್ತು ಸಾವಿರವಾಗುತ್ತದೆ, ಮೂವತ್ತು ಸಾವಿರ ಹದಿನೆಂಟು ಲಕ್ಷವಾಗುತ್ತದೆ, ಹದಿನೆಂಟು ಲಕ್ಷ 10 ಕೋಟಿ 80 ಲಕ್ಷ ವರ್ಷವಾಗುತ್ತದೆ. ಆಮೇಲೆ ವೇದ ಓದುವ ಬ್ರಾಹ್ಮಣನಾಗಲು ಇನ್ನೂ ಮೆಟ್ಟಿಲುಗಳಿವೆ. ಮೀಸಲಾತಿ ಇನ್ನೂ ಎಷ್ಟು ವರ್ಷ ಬೇಕ್ರೀ ಅಂತ ನಮ್ಮನ್ನು ಕೇಳುವ ಗೆಳೆಯರು ಈ ಲೆಕ್ಕವನ್ನೂ ಒಮ್ಮೆ ನೋಡಬಹುದು.

ಮತಂಗನ ಕತೆಯಲ್ಲಿ ತಪಸ್ಸು ಕಡಿಮೆಯಾಯಿತು ಅಂತ ಯಾರೂ ಹೇಳುವುದಿಲ್ಲ. ಅರ್ಜಿಯಲ್ಲಿ ತಪ್ಪಿರಲಿಲ್ಲ, ಅರ್ಜಿದಾರನ ಹುಟ್ಟು ತಪ್ಪು, ಅಷ್ಟೇ.

ಸ್ವರ್ಗದ ಬಾಗಿಲಿಗೆ ಹೋದ ಇನ್ನಿಬ್ಬರ ಕತೆ ನಮಗೆಲ್ಲ ಗೊತ್ತು, ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ನಮಗಿಲ್ಲ. ಒಬ್ಬ ತ್ರಿಶಂಕು, ಇನ್ನೊಬ್ಬ ಶಂಬೂಕ. ಎರಡೂ ವಾಲ್ಮೀಕಿ ರಾಮಾಯಣದಲ್ಲಿವೆ, ಒಂದು ಬಾಲಕಾಂಡದಲ್ಲಿ, ಒಂದು ಉತ್ತರಕಾಂಡದಲ್ಲಿ. ಕನ್ನಡದಲ್ಲಿ ನಾವು 'ತ್ರಿಶಂಕು ಸ್ಥಿತಿ' ಅಂತ ಸಲೀಸಾಗಿ ಬಳಸುತ್ತೇವೆ, ಟಿಕೆಟ್ಟು ಸಿಗದ ಎಂಎಲ್ಎಗೆ, ವರ್ಗವಾಗದ ಗುಮಾಸ್ತನಿಗೆ. ಆದರೆ ತ್ರಿಶಂಕು ಅಲ್ಲಿ ನೇತಾಡಿದಾಗ ಅವನು ಚಾಂಡಾಲ ಅನ್ನುವುದು ನಮ್ಮ ನುಡಿಗಟ್ಟಿನಿಂದ ಜಾರಿಹೋಗಿದೆ. ಇಕ್ಷ್ವಾಕು ವಂಶದ ರಾಜ, ಮೈಯಿಟ್ಟುಕೊಂಡೇ ಸ್ವರ್ಗಕ್ಕೆ ಹೋಗಬೇಕೆಂದ. ವಸಿಷ್ಠರ ಮಕ್ಕಳು ಚಾಂಡಾಲನಾಗು ಎಂದು ಶಪಿಸಿದರು. ಬೆಳಗಾಗುವುದರಲ್ಲಿ ಮೈ ಕಪ್ಪಾಯಿತು, ಮೈಮೇಲಿನ ಒಡವೆ ಕಬ್ಬಿಣವಾಯಿತು. ಚಾಂಡಾಲರ ಒಡವೆ ಕಬ್ಬಿಣದ್ದೇ ಇರಬೇಕು ಅಂತ ಮನು ಬರೆದಿದ್ದಾನೆ, ಶಾಪಕ್ಕೂ ಆ ಕಾನೂನು ತಿಳಿದಿತ್ತು. ವಿಶ್ವಾಮಿತ್ರ ಯಜ್ಞ ಮಾಡಿ ಮೇಲಕ್ಕೆ ಕಳಿಸಿದ, ಇಂದ್ರ ತಲೆಕೆಳಗಾಗಿ ನೂಕಿದ.

ಶಂಬೂಕನೂ ಮೈಯಿಟ್ಟುಕೊಂಡೇ ಸ್ವರ್ಗಕ್ಕೆ ಹೋಗಬೇಕೆಂದವನು. ಅವನೂ ತಲೆಕೆಳಗಾಗಿದ್ದ, ಆದರೆ ತಾನೇ ಬೇಕೆಂದು, ತಪಸ್ಸಿಗಾಗಿ. ರಾಮ ಬಂದು ಜಾತಿ ಕೇಳಿದ, ಸುಳ್ಳು ಹೇಳಲಾರೆ, ಶೂದ್ರ ಎಂದ. ತಲೆ ಹೋಯಿತು. ದೇವತೆಗಳು ಹೂ ಮಳೆ ಸುರಿದರು, ನಿನ್ನಿಂದಾಗಿ ಇವನಿಗೆ ಸ್ವರ್ಗ ಸಿಗದಂತಾಯಿತು ಎಂದು ರಾಮನನ್ನು ಕೊಂಡಾಡಿದರು. ಕುವೆಂಪು 1944ರಲ್ಲಿ 'ಶೂದ್ರತಪಸ್ವಿ' ಬರೆದು ಅಸ್ತ್ರವನ್ನು ಆ ಬ್ರಾಹ್ಮಣನ ಬೆನ್ನಿಗೇ ಬಿಡಿಸಿದರು, ಮಾಸ್ತಿಯವರು ಆಕ್ಷೇಪಿಸಿದರು, ಆ ಜಗಳ ಹಳೆಯದು. ನನಗೆ ಇಲ್ಲಿ ಬೇಕಾದ್ದು ಬೇರೆ.

ಶಂಬೂಕನ ಕತೆ ಶುರುವಾಗುವುದು ಒಂದು ಮಗುವಿನ ಸಾವಿನಿಂದ. ಬ್ರಾಹ್ಮಣನೊಬ್ಬ ಸತ್ತ ಮಗನನ್ನು ತಂದು ಅರಮನೆ ಬಾಗಿಲಲ್ಲಿ ಮಲಗಿಸಿ ಕೂಗುತ್ತಾನೆ. ನಾನು ಪಾಪ ಮಾಡಿದವನಲ್ಲ, ನನ್ನ ಮಗ ಯಾಕೆ ಸತ್ತ, ದೊರೆಯೇ ಉತ್ತರ ಹೇಳಬೇಕು ಎನ್ನುತ್ತಾನೆ. ಅವನಿಗೆ ಯಾರೂ ಹೋದ ಜನ್ಮದ ಋಣ ಅನ್ನುವುದಿಲ್ಲ. ವೈಕುಂಠಕ್ಕೆ ಹೋಗಿರ್ತದೆ ಬಿಡು ಅನ್ನುವುದಿಲ್ಲ. ಆಸ್ಥಾನ ಸೇರುತ್ತದೆ, ನಾರದ ಬರುತ್ತಾನೆ, ಪುಷ್ಪಕ ವಿಮಾನ ಹೊರಡುತ್ತದೆ, ನಾಲ್ಕು ದಿಕ್ಕು ಹುಡುಕುತ್ತದೆ, ಕಾರಣ ಸಿಗುತ್ತದೆ, ಕಾರಣದ ತಲೆ ಬೀಳುತ್ತದೆ, ಮಗು ಎದ್ದು ಕೂರುತ್ತದೆ. ಮೇಲಿನವರ ಮನೆಯಲ್ಲಿ ಮಗು ಸತ್ತರೆ ಕಾರಣ ಹೊರಗೆ, ಈ ಜನ್ಮದಲ್ಲೇ, ಇನ್ನೊಬ್ಬನಲ್ಲಿ. ನಮ್ಮ ಮನೆಯಲ್ಲಿ ಸತ್ತರೆ ಕಾರಣ ಒಳಗೆ, ಹೋದ ಜನ್ಮದಲ್ಲಿ, ಸತ್ತವನಲ್ಲೇ. ನೋವಿನ ಬಗ್ಗೆ ಈ ಪರಂಪರೆಗೆ ಇರುವುದು ಒಂದು ಸಿದ್ಧಾಂತವಲ್ಲ, ಎರಡು. ಯಾವುದನ್ನು ಯಾರಿಗೆ ಹೇಳಬೇಕು ಅನ್ನುವುದರಲ್ಲೇ ಜಾತಿ ಇದೆ. ಬರದ ಬಸ್ಸು ಯಾವ ಕರ್ಮದ ಪಟ್ಟಿಯಲ್ಲೂ ಬರಲಿಲ್ಲ.

ಈ ಲೆಕ್ಕವನ್ನು ಒಮ್ಮೆ ತಿರುಗಿಸಿ ಹಿಡಿದವರು ಗಾಂಧಿ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಟಾಗೋರರು ಪ್ರಕೃತಿಯ ಆಗುಹೋಗಿಗೂ ನೀತಿಗೂ ಹೀಗೆ ಗಂಟು ಹಾಕಬಾರದು ಎಂದು ಪ್ರತಿಭಟಿಸಿದರು. ಟಾಗೋರರ ಮಾತೇ ಸರಿ. ಆದರೂ ಅಲ್ಲಿಯವರೆಗೆ ಮೇಲಿನಿಂದ ಕೆಳಕ್ಕೆ ಮಾತ್ರ ಬೀಳುತ್ತಿದ್ದ ಶಿಕ್ಷೆಯ ಕೋಲನ್ನು ಒಬ್ಬ ಹಿಂದೂ ಭಕ್ತ ಸವರ್ಣರ ಕಡೆಗೆ ಬೀಸಿದ್ದು ನನಗೆ ಒಳಗೊಳಗೇ ಖುಷಿ ಕೊಟ್ಟದ್ದು ಸುಳ್ಳಲ್ಲ. ಭೂಕಂಪದಲ್ಲಿ ಸತ್ತವರಲ್ಲಿ ನಮ್ಮವರೂ ಇದ್ದರಲ್ಲ ಎಂಬುದು ನೆನಪಾದಾಗ ಆ ಖುಷಿ ಇಳಿಯಿತು.

ಇನ್ನು ಭಕ್ತಿ. ವೈದಿಕ ಲೆಕ್ಕವನ್ನು ಭಕ್ತಿ ಸಡಿಲ ಮಾಡಿತು ಅನ್ನುವುದನ್ನು ಒಪ್ಪಬೇಕು. ಯಜ್ಞ ಬೇಡ, ದಕ್ಷಿಣೆ ಬೇಡ, ಹೆಸರು ಕರೆದರೆ ಸಾಕು. ಭಾಗವತದ ಅಜಾಮಿಳ ಬಾಳೆಲ್ಲ ಕೆಟ್ಟು ನಡೆದವನು, ಸಾಯುವಾಗ ಮಗನನ್ನು 'ನಾರಾಯಣ' ಎಂದು ಕೂಗಿದ, ವಿಷ್ಣುದೂತರು ಯಮದೂತರನ್ನು ಅಡ್ಡಗಟ್ಟಿದರು. ಇದು ಕರ್ಮಸಿದ್ಧಾಂತಕ್ಕೆ ಇಟ್ಟ ಬೆಂಕಿಯೇ. ಅದೇ ಭಾಗವತದಲ್ಲಿ ಪ್ರಹ್ಲಾದ, ಭಕ್ತಿಯಿಲ್ಲದ ಬ್ರಾಹ್ಮಣನಿಗಿಂತ ಭಕ್ತನಾದ ನಾಯಿಮಾಂಸ ಬೇಯಿಸುವವನು ಮೇಲು ಅನ್ನುತ್ತಾನೆ. ಓದಿದಾಗ ಎದೆ ಉಬ್ಬುತ್ತದೆ. ಎರಡನೇ ಸಲ ಓದಿದಾಗ ಹೊಗಳಿಕೆಗೂ ಅವರಿಗೆ ಬೇರೆ ಹೆಸರು ಸಿಗಲಿಲ್ಲವಲ್ಲ ಅನ್ನಿಸುತ್ತದೆ.

ಸಂಸ್ಕೃತದಲ್ಲಿ 'ಅಪಿ' ಅಂತ ಎರಡಕ್ಷರ ಇದೆ. ಕನ್ನಡದಲ್ಲಿ ಅದು 'ಕೂಡ', 'ಸಹ', ಅಥವಾ ಪದದ ಬಾಲಕ್ಕೆ ಅಂಟುವ 'ಊ'. ಭಕ್ತಿಯ ಔದಾರ್ಯವೆಲ್ಲ ಈ ಎರಡಕ್ಷರದ ಮೇಲೆ ನಿಂತಿದೆ. ಗೀತೆಯ ಒಂಬತ್ತನೇ ಅಧ್ಯಾಯದಲ್ಲಿ ಹೆಂಗಸರು, ವೈಶ್ಯರು, ಶೂದ್ರರು, ಪಾಪಯೋನಿಗಳು, ಅವರೂ ನನ್ನಲ್ಲಿ ಬಂದರೆ ಪರಮಗತಿ ಪಡೆಯುತ್ತಾರೆ. ಅವರೂ. ಮಧ್ವರ ಸೂತ್ರಭಾಷ್ಯದಲ್ಲಿ ಅಂತ್ಯಜರಲ್ಲೂ ಭಕ್ತರಾದವರಿಗೆ ನಾಮದ ಅಧಿಕಾರ ಉಂಟು. ಅಂತ್ಯಜರಲ್ಲೂ. ನಮ್ಮ ಮೇಷ್ಟ್ರುಗಳು ಇದನ್ನೇ ಸಮಾನತೆ ಅಂತ ಪಾಠ ಮಾಡಿದರು, ನಾವೂ ಪರೀಕ್ಷೆಯಲ್ಲಿ ಬರೆದೆವು. 'ಬ್ರಾಹ್ಮಣನೂ ಮೋಕ್ಷ ಪಡೆಯಬಹುದು' ಅಂತ ಯಾರೂ ಬರೆಯುವುದಿಲ್ಲ, ಬರೆದರೆ ನಗು ಬರುತ್ತದೆ. ಆ ನಗು ಎಲ್ಲಿಂದ ಬರುತ್ತದೋ ಅಲ್ಲೇ ನಮ್ಮ ವಿಮರ್ಶೆ ಶುರುವಾಗಬೇಕು. 'ಊ' ಅನ್ನುವುದು ಬಾಗಿಲು ತೆಗೆಯುತ್ತದೆ, ತೆಗೆಯುತ್ತಲೇ ನೀನು ಹೊರಗಿನವನು ಅಂತ ಬರೆದುಕೊಳ್ಳುತ್ತದೆ.

ಇರಲಿ, ಒಳಗೆ ಏನಿದೆ ನೋಡೋಣ. ಪರಲೋಕ ಅಂದರೆ ಒಂದೇ ಊರಲ್ಲ. ಇಂದ್ರನ ಸ್ವರ್ಗ ಲಾಡ್ಜಿದ್ದ ಹಾಗೆ, ಪುಣ್ಯದ ದುಡ್ಡು ಮುಗಿದರೆ ಕೆಳಗೆ ಕಳಿಸುತ್ತಾರೆ, ಇದನ್ನು ಗೀತೆಯೂ ಒಪ್ಪುತ್ತದೆ. ಭಕ್ತರು ಅದನ್ನು ಕೇಳುವುದೇ ಇಲ್ಲ. ಅವರಿಗೆ ಬೇಕಾದ್ದು ಹೋದವರು ತಿರುಗಿ ಬಾರದ ವೈಕುಂಠ, ಕೈಲಾಸ. ಅಲ್ಲೂ ಸಾಲೋಕ್ಯ, ಸಾಮೀಪ್ಯ, ಸಾರೂಪ್ಯ, ಸಾಯುಜ್ಯ ಎಂದು ನಾಲ್ಕು ಬಗೆ. ದೇವರ ಊರಲ್ಲಿರುವುದು, ಹತ್ತಿರ ಇರುವುದು, ಅವನ ರೂಪವೇ ಆಗುವುದು, ಅವನಲ್ಲಿ ಸೇರಿಹೋಗುವುದು. ನಮ್ಮ ಅವ್ವನ ಪ್ರಶ್ನೆಗೆ ಮುಖ್ಯವಾದದ್ದು ಮೊದಲೆರಡರ ನಡುವಿನ ಅಂತರ. ಒಂದೇ ಊರಲ್ಲಿರುವುದು ಬೇರೆ, ಹತ್ತಿರ ಇರುವುದು ಬೇರೆ. ಇದನ್ನು ಕೇರಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಕಟ್ಟಿದ್ದು ಉಡುಪಿಯಲ್ಲಿ, ಹದಿಮೂರನೇ ಶತಮಾನದಲ್ಲಿ. ಮಧ್ವರ ಪ್ರಕಾರ ಜೀವಗಳಲ್ಲಿ ಮೂರು ಬಗೆ: ಮುಕ್ತಿಗೆ ಯೋಗ್ಯರು, ಸದಾ ಸಂಸಾರದಲ್ಲೇ ತಿರುಗುವವರು, ಅಂಧತಮಸ್ಸಿಗೇ ಯೋಗ್ಯರು. ಇದು ಜೀವದ ಸ್ವಭಾವ, ತೊಳೆದರೂ ಹೋಗದು. ಮುಕ್ತರಲ್ಲೂ ಆನಂದದ ತಾರತಮ್ಯವಿದೆ. ಪ್ರತಿ ಪಾತ್ರೆಯೂ ತುಂಬಿರುತ್ತದೆ, ಆದರೆ ಪಾತ್ರೆಗಳ ಅಳತೆ ಬೇರೆ ಬೇರೆ ಅನ್ನುವುದು ಅವರ ಕಡೆಯವರ ವಿವರಣೆ. ಇಲ್ಲಿ ಒಂದು ನ್ಯಾಯದ ಮಾತು ಹೇಳಬೇಕು. ಈ ತಾರತಮ್ಯ ಜಾತಿಯದಲ್ಲ, ಜೀವದ್ದು. ಸಿದ್ಧಾಂತದ ಪ್ರಕಾರ ಬ್ರಾಹ್ಮಣ ತಮಸ್ಸಿಗೆ ಹೋಗಬಹುದು, ಅಂತ್ಯಜ ಮುಕ್ತನಾಗಬಹುದು. ಒಪ್ಪಿದೆ. ಆದರೆ ಮೋಕ್ಷದಲ್ಲೂ ಹೆಚ್ಚುಕಡಿಮೆ ಇರಲೇಬೇಕು, ಇಲ್ಲದಿದ್ದರೆ ಅದು ಮೋಕ್ಷವೇ ಅಲ್ಲ ಅನ್ನಿಸುವ ಕಲ್ಪನೆ ಎಂಥ ಊರಿನಲ್ಲಿ ಹುಟ್ಟೀತು? ಪಂಕ್ತಿಭೇದ ನೋಡಿ ಬೆಳೆದ ಕಣ್ಣಿಗೆ ಪಂಕ್ತಿಯಿಲ್ಲದ ಊಟ ಊಟದ ಹಾಗೆ ಕಾಣುವುದಿಲ್ಲ. ಅದೇ ಊರಿನ ಕನಕನ ಕಿಂಡಿಯ ಐತಿಹ್ಯವೂ ಅದನ್ನೇ ಹೇಳುತ್ತದೆ. ಕುರುಬ ಕನಕ ಹೊರಗೆ ನಿಂತು ಹಾಡಿದ, ದೇವರು ತಿರುಗಿದ, ಗೋಡೆ ಬಿರುಕು ಬಿಟ್ಟಿತು. ಬಾಗಿಲು ಮಾತ್ರ ತೆರೆಯಲಿಲ್ಲ.

ಮೇಲುಕೋಟೆಯಲ್ಲಿ ರಾಮಾನುಜರು ನಮ್ಮವರಿಗೆ ತಿರುಕುಲದವರು ಎಂದು ಹೆಸರು ಕೊಟ್ಟು, ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಬಿಟ್ಟರು ಎಂಬ ಪ್ರತೀತಿ ಇದೆ. ಹನ್ನೆರಡನೇ ಶತಮಾನಕ್ಕೆ ಅದು ದೊಡ್ಡದೇ. ಮಿಕ್ಕ ದಿನಗಳಲ್ಲಿ ಶ್ರೀಕುಲ ಎಲ್ಲಿತ್ತು ಅಂತ ಕೇಳಿದರೆ ಕೃತಘ್ನ ಅನ್ನುತ್ತಾರೆ.

ಹಾಗಾದರೆ ವೈಕುಂಠದಲ್ಲಿ ಕೇರಿ ಇದೆಯಾ? ಆಶ್ಚರ್ಯವೆಂದರೆ ಈ ಪ್ರಶ್ನೆಗೆ ಭಾಗವತದ ಮೂರನೇ ಸ್ಕಂಧದಲ್ಲಿ ನೇರ ಉತ್ತರವಿದೆ. ಅಲ್ಲಿರುವವರೆಲ್ಲ ನಾಲ್ಕು ಕೈಯವರು, ಎಲ್ಲರೂ ವಿಷ್ಣುವಿನ ಮೂರ್ತಿಯೇ, ಯಾರು ಯಾರ ಮಗ ಅಂತ ಗುರುತಿಸಲಾಗದು. ಆದರೆ ಬಾಗಿಲುಗಳಿವೆ, ಬಾಗಿಲಿಗೆ ಜಯವಿಜಯರೆಂಬ ಕಾವಲಿನವರು. ಬರಿಮೈ ಹುಡುಗರಂತೆ ಕಾಣುವ ಸನಕಾದಿ ನಾಲ್ವರು ಬಂದಾಗ ಬೆತ್ತ ಅಡ್ಡ ಹಿಡಿದರು. ಋಷಿಗಳು ಕೇಳುವ ಪ್ರಶ್ನೆ ಇದು: ಭೇದವೇ ಇಲ್ಲದ ಈ ಊರಲ್ಲಿ ನಿಮಗೆ ಭೇದದ ಕಣ್ಣು ಎಲ್ಲಿಂದ ಬಂತು? ಭೇದ ಇರುವ ಕಡೆಗೇ ಹೋಗಿ ಹುಟ್ಟಿ. ಅವರು ಬಿದ್ದದ್ದು ಇಲ್ಲಿಗೆ. ಪುರಾಣ ಬರೆದವನಿಗೆ ಗೊತ್ತಿತ್ತು, ಭೇದ ಮಾಡುವುದು ಪಾಪ, ಅದರ ಶಿಕ್ಷೆ ಕೆಳಗೆ ಹುಟ್ಟುವುದು, ಭೇದ ಇರುವ ಜಾಗವೇ ಈ ಲೋಕ. ಇಷ್ಟು ಗೊತ್ತಿದ್ದೂ ವೈಕುಂಠ ಏಕಾದಶಿಗೆ ಉತ್ತರದ ಬಾಗಿಲು ತೆಗೆದು ಸ್ವರ್ಗದ ಬಾಗಿಲು ಅಂತ ಕರೆದವರು ಆ ಬಾಗಿಲಲ್ಲಿ ಜಯವಿಜಯರ ಕೆಲಸವನ್ನೇ ನೂರಾರು ವರ್ಷ ಮಾಡಿದರು. ಅವರು ತಮ್ಮ ಗ್ರಂಥವನ್ನೇ ಓದಲಿಲ್ಲ ಅನ್ನಬೇಕೋ, ಓದಿ ಮಡಿಸಿಟ್ಟರು ಅನ್ನಬೇಕೋ.

ಈಗ ಬಾಗಿಲು ದಾಟಿದ ನಮ್ಮವರ ಕಡೆ ಬರೋಣ. ತಮಿಳುನಾಡಿನ ನಂದನಾರ್ ಹೊಲೆಯ. ಹನ್ನೆರಡನೇ ಶತಮಾನದಲ್ಲಿ ಸೇಕ್ಕಿಳಾರ್ ಬರೆದ ಪೆರಿಯಪುರಾಣದಲ್ಲಿ ಅವನ ಕತೆಯಿದೆ. ತಿರುಪ್ಪುಂಗೂರಿನಲ್ಲಿ ಅವನಿಗೆ ಕಾಣಲೆಂದು ನಂದಿ ಪಕ್ಕಕ್ಕೆ ಸರಿಯಿತು. ಚಿದಂಬರದಲ್ಲಿ ಶಿವ ಕನಸಿಗೆ ಬಂದು ಬೆಂಕಿ ಹೊಕ್ಕು ಬಾ ಎಂದ. ಹೊಕ್ಕ. ಜನಿವಾರ ಹಾಕಿದ ಬ್ರಾಹ್ಮಣ ಮುನಿಯಾಗಿ ಎದ್ದು ಬಂದ, ಸನ್ನಿಧಿಗೆ ನಡೆದ, ಮಾಯವಾದ. ಶ್ರೀರಂಗದ ತಿರುಪ್ಪಾಣಾಳ್ವಾರರನ್ನು ಕಲ್ಲಿನಿಂದ ಹೊಡೆದ ಲೋಕಸಾರಂಗನೇ ಹೆಗಲ ಮೇಲೆ ಹೊತ್ತು ತಂದ, ಅಲ್ಲಿ ಹತ್ತು ಪದ್ಯ ಹಾಡಿ ಆಳ್ವಾರರು ದೇವರಲ್ಲಿ ಕರಗಿದರು. ಇನ್ನು ಕಾಶಿಯ ರವಿದಾಸ. ದುಃಖವಿಲ್ಲದ, ತೆರಿಗೆಯಿಲ್ಲದ ಊರೊಂದನ್ನು ಕನಸು ಕಂಡ ಮಹಾನುಭಾವ. 1712ರಲ್ಲಿ ಭಕ್ತಮಾಲಕ್ಕೆ ಟೀಕೆ ಬರೆದ ಪ್ರಿಯಾದಾಸ ಅವನಿಗೊಂದು ಪೂರ್ವಜನ್ಮ ಕಟ್ಟಿದ. ಅವನು ಹಿಂದೆ ರಾಮಾನಂದರ ಬ್ರಾಹ್ಮಣ ಶಿಷ್ಯ, ಗುರುವಿನ ಶಾಪದಿಂದ ಚಮ್ಮಾರನಾದ. ಹುಟ್ಟಿದ ಕೂಸು ಚಮ್ಮಾರ ತಾಯಿಯ ಮೊಲೆ ಬಾಯಿಗಿಡಲಿಲ್ಲವಂತೆ, ರಾಮಾನಂದರು ಬರುವ ತನಕ. ದೊಡ್ಡವನಾದ ಮೇಲೆ ಎದೆ ಸೀಳಿ ಒಳಗಿದ್ದ ಜನಿವಾರ ತೋರಿಸಿದನಂತೆ.

ಎಲ್ಲ ಕತೆಗಳೂ ಒಂದೇ ಅಚ್ಚು. ಒಬ್ಬ ದಲಿತ ದೇವರನ್ನು ಮುಟ್ಟಬೇಕಾದರೆ ಮೊದಲು ದಲಿತನಾಗಿರುವುದನ್ನು ಬಿಡಬೇಕು. ಸುಡಬೇಕು, ಕರಗಬೇಕು, ಇಲ್ಲವೇ ಚರ್ಮದ ಕೆಳಗೆ ಮೊದಲೇ ಬ್ರಾಹ್ಮಣನಾಗಿರಬೇಕು. ಇನ್ನೊಂದನ್ನು ನೋಡಿ. ಒಳಗೆ ಹೋದ ಒಬ್ಬನೂ ಹೊರಗೆ ಬರಲಿಲ್ಲ. ನಂದನಾರ್ ದರ್ಶನ ಮುಗಿಸಿ ಆದನೂರಿನ ಕೇರಿಗೆ ವಾಪಸು ಬಂದು, ಪ್ರಸಾದ ಹಂಚಿ, ಮಾರನೇ ದಿನ ಮತ್ತೆ ಗುಡಿಗೆ ಹೊರಟಿದ್ದರೆ? ಆ ಪ್ರಶ್ನೆ ಬಾರದಿರಲಿ ಅಂತಲೇ ಕತೆ ಅವನನ್ನು ಅಲ್ಲೇ ಮಾಯಮಾಡಿತು. ಇದಕ್ಕೆ ಮುಕ್ತಿ ಅಂತ ಹೆಸರು. ಹರಿಹರನ ರಗಳೆಯಲ್ಲಿ ಬಸವಣ್ಣ ಕೈಲಾಸದಲ್ಲಿ ಹೂಪ್ರಸಾದ ಹಂಚುವಾಗ ಮಾಡಿದ ತಪ್ಪಿಗೆ ಭೂಮಿಗೆ ಬರುತ್ತಾನೆ. ದೊಡ್ಡವರಿಗೆ ಹುಟ್ಟು ಅಂದರೆ ಮೇಲಿಂದ ಬಂದ ವರ್ಗಾವಣೆ, ಕೆಲಸ ಮುಗಿಸಿ ಹಿಂದಿರುಗುತ್ತಾರೆ. ನಮಗೆ ಹುಟ್ಟೇ ಶಿಕ್ಷೆ.

ಚೋಖಾಮೇಳ ಈ ಅಚ್ಚಿಗೆ ಪೂರ್ತಿ ಸಿಗಲಿಲ್ಲ, ಅದಕ್ಕೇ ಅವನು ನನಗೆ ಹತ್ತಿರ. ಮಹಾರ ಜಾತಿಯವನು, ಪಂಢರಪುರದ ವಿಠಲನ ಭಕ್ತ, ಒಳಗೆ ಹೋಗಲೇ ಇಲ್ಲ. 1338ರಲ್ಲಿ ಮಂಗಳವೇಢೆಯಲ್ಲಿ ಗೋಡೆ ಕೆಲಸ ಮಾಡುವಾಗ ಗೋಡೆ ಕುಸಿದು ಕೂಲಿಗಳ ಜೊತೆ ಸತ್ತ. ಮೂಳೆಗಳಿಂದ ವಿಠಲ ನಾಮ ಕೇಳಿಸಿತೆಂದು ಗುರುತು ಹಿಡಿದು ನಾಮದೇವ ಅವನ್ನು ತಂದು ಗುಡಿಯ ಮೆಟ್ಟಿಲ ಬುಡದಲ್ಲಿ ಹೂಳಿದ ಎನ್ನುತ್ತಾರೆ. ಸತ್ತ ಮೇಲೂ ಮೆಟ್ಟಿಲ ಈಚೆಗೇ. ಆ ಗುಡಿ ನಮ್ಮವರಿಗೆ ತೆರೆದದ್ದು 1947ರಲ್ಲಿ, ಸಾನೆ ಗುರೂಜಿ ಉಪವಾಸ ಕೂತ ಮೇಲೆ. ಮಂಗಳವೇಢೆ ಅಂದರೆ ನಮ್ಮ ಶಾಸನಗಳ ಮಂಗಳವಾಡ, ಕಲ್ಯಾಣಕ್ಕೆ ಮುಂಚೆ ಬಿಜ್ಜಳನ ರಾಜಧಾನಿ, ಬಸವಣ್ಣ ಲೆಕ್ಕ ಬರೆದ ಊರು ಅನ್ನುತ್ತದೆ ಪರಂಪರೆ. ಕಲ್ಯಾಣದ ಕ್ರಾಂತಿ ಮುಗಿದು ಸುಮಾರು ನೂರೆಪ್ಪತ್ತು ವರ್ಷಕ್ಕೆ ಅದೇ ಊರಿನ ಗೋಡೆ ಒಬ್ಬ ಮಹಾರನ ಮೇಲೆ ಬಿತ್ತು.

ಚೋಖಾಮೇಳ ತನ್ನ ಹುಟ್ಟಿಗೆ ತಾನೇ ಹಿಂದಿನ ಜನ್ಮದ ತಪ್ಪನ್ನು ಕಾರಣ ಕೊಟ್ಟುಕೊಂಡ ಅಭಂಗಗಳಿವೆ. ಓದಿದರೆ ಕರುಳು ಹಿಂಡುತ್ತದೆ. ಆದರೆ ಅವನ ಹೆಂಡತಿ ಸೋಯರಾಬಾಯಿ, ಮೈಯೆಂದ ಮೇಲೆ ಮೈಲಿಗೆ ಎಲ್ಲರ ಮೈಯಲ್ಲೂ ಇದೆ, ಮೈಲಿಗೆಯಿಲ್ಲದೆ ಹುಟ್ಟಿದವರು ಯಾರು ಎಂದಳು. ಮಗ ಕರ್ಮಮೇಳ ಇನ್ನೂ ಮುಂದೆ ಹೋಗಿ, ನಮ್ಮನ್ನು ಕೀಳಾಗಿ ಹುಟ್ಟಿಸಿದ್ದು ಯಾಕೆಂದು ದೇವರನ್ನೇ ತರಾಟೆಗೆ ತೆಗೆದುಕೊಂಡ. ಒಂದೇ ಮನೆಯ ಒಲೆಯ ಸುತ್ತ ಕೂತು ಈ ಮೂರು ಉತ್ತರಗಳು ಹುಟ್ಟಿವೆ. ದಲಿತ ಚಳವಳಿಯಲ್ಲಿ ಭಕ್ತಿಯನ್ನು ಇಡಿಯಾಗಿ ಬಿಸಾಕಬೇಕು ಅನ್ನುವ ಗೆಳೆಯರಿಗೆ ನಾನು ಇಷ್ಟೇ ಹೇಳುವುದು: ಅಪ್ಪನ ತಾಳ ಬಿಸಾಕಿ, ಹೆಂಡತಿಯ ಮಗನ ಮಾತನ್ನು ಎತ್ತಿಟ್ಟುಕೊಳ್ಳಿ. ಬಾಬಾಸಾಹೇಬರು 1948ರ ತಮ್ಮ ಅಸ್ಪೃಶ್ಯರ ಕುರಿತ ಪುಸ್ತಕವನ್ನು ಅರ್ಪಿಸಿದ್ದು ನಂದನಾರ್, ರವಿದಾಸ, ಚೋಖಾಮೇಳ ಈ ಮೂವರಿಗೇ.

ವಚನಕಾರರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿ ಹೇಳಿ ಸವೆದಿದೆ. ಅವರು ಸ್ವರ್ಗವನ್ನು ಮೇಲಿಂದ ಇಳಿಸಿ ನಡೆನುಡಿಯೊಳಗೆ ಇಟ್ಟರು, ದುಡಿಮೆಯನ್ನೇ ಕೈಲಾಸವೆಂದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಕಾಳವ್ವೆ ಹುಟ್ಟಿಗೆ ನಾಚಲಿಲ್ಲ, ಅದು ದೊಡ್ಡದು. ಆದರೆ ದುಡಿಮೆಯ ಮಾತನ್ನು ಈವತ್ತು ಗೋಡೆಗೆ ಬರೆಸುವವರು, ಮ್ಯಾನ್‌ಹೋಲಿಗೆ ಇಳಿಯುವವನ ಕೆಲಸವೂ ಕೈಲಾಸವೋ ಅನ್ನುವುದನ್ನು ಇಳಿದು ಹೇಳಲಿ. ಮಲ ಹೊರುವುದನ್ನು ನಿಷೇಧಿಸಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಬಂದವು, ಸಾವು ನಿಂತಿಲ್ಲ.

ನೋವಿನ ಇನ್ನೊಂದು ಮುಖ ಮಡೆಸ್ನಾನ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಬ್ರಾಹ್ಮಣರು ಉಂಡ ಎಲೆಗಳ ಮೇಲೆ ಹೊರಳಿದರೆ ಚರ್ಮರೋಗ ಹೋಗುತ್ತದೆಂಬ ನಂಬಿಕೆ. 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು, 2017ರ ರಾಜ್ಯದ ಕಾಯಿದೆಯಲ್ಲಿ ಅದು ನಿಷೇಧದ ಪಟ್ಟಿಗೆ ಸೇರಿತು. ಅದರ ಪರ ವಾದಿಸಿದವರು ಹೇಳಿದ್ದು, ಭಕ್ತರೇ ಬೇಕೆಂದು ಉರುಳುತ್ತಾರೆ ಅಂತ. ಇರಬಹುದು. ನೋವಿಗೆ ಕಾರಣ ಹಿಂದಿನ ಜನ್ಮದಲ್ಲಿದೆ ಅಂತ ಹೇಳಿಕೊಟ್ಟ ಮೇಲೆ ಮದ್ದು ಎಂಜಲೆಲೆಯಲ್ಲಿ ಸಿಗುವುದು ಸಹಜ.

ಅಂಬೇಡ್ಕರ್ ಈ ಗಂಟನ್ನು ಎರಡು ಕಡೆಯಿಂದ ಕತ್ತರಿಸಿದರು. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹುಟ್ಟು ನನ್ನ ಕೈಯಲ್ಲಿರಲಿಲ್ಲ, ಸಾವು ನನ್ನ ಕೈಯಲ್ಲಿದೆ, ಹಿಂದೂವಾಗಿ ಸಾಯಲಾರೆ ಎಂಬ ಅರ್ಥದ ಮಾತು ಹೇಳಿದರು. ಹುಟ್ಟನ್ನು ಕರ್ಮದಿಂದ ಬಿಡಿಸಿ ಬರೀ ಅಪಘಾತ ಮಾಡಿದ ಮಾತು ಅದು. ಅವರು ತೀರಿಕೊಂಡ ಮೇಲೆ 1957ರಲ್ಲಿ ಅಚ್ಚಾದ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ, ಬಡವರ ಸ್ಥಿತಿಗೆ ಹಿಂದಿನ ಜನ್ಮ ಕಾರಣ ಎಂಬ ಸಿದ್ಧಾಂತದಿಂದ ಆಗುವ ಲಾಭ ಒಂದೇ, ರಾಜ್ಯ ಮತ್ತು ಸಮಾಜ ಹೊಣೆ ಜಾರಿಸಿಕೊಳ್ಳುವುದು ಎಂದು ಬರೆದರು. ಬುದ್ಧ ಇಂಥದನ್ನು ಹೇಳಿರಲಾರ ಎಂದರು. ಸತ್ತ ಮೇಲೆ ಮೈಯ ಧಾತುಗಳು ಲೋಕದ ಧಾತುಗಳಿಗೆ ಸೇರುತ್ತವೆ, ಅಷ್ಟೇ ಮರುಹುಟ್ಟು. ಬರದ ಬಸ್ಸಿನ ಲೆಕ್ಕ ಕೇಳುವುದಕ್ಕೆ ನನಗೆ ಭಾಷೆ ಸಿಕ್ಕಿದ್ದು ಆ ಪುಟಗಳಲ್ಲಿ.

ಆದರೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೋಧಿಸಿದ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಒಂದು, ಶ್ರಾದ್ಧ ಮ��ಡುವುದಿಲ್ಲ, ಪಿಂಡ ಕೊಡುವುದಿಲ್ಲ ಎಂಬುದು. ಅದನ್ನು ನಾನೂ ಕೈಯೆತ್ತಿ ಹೇಳಿದ್ದೇನೆ. ಹೇಳಿದ ಮೇಲೆ ನಮ್ಮನೆಯಲ್ಲಿ ಒಂದು ತಕರಾರು ಇದೆ.

ನಮ್ಮ ಕಡೆ ಸತ್ತವರಿಗೆ ಗರುಡಪುರಾಣ ಓದುವುದಿಲ್ಲ. ವೈತರಣಿ ದಾಟಿಸಲು ಹಸು ದಾನ ಕೊಡುವವರು ಬೇರೆಯವರು. ಆ ಹಸು ಮುದಿಯಾಗಿ ಸತ್ತರೆ ಹೊರುತ್ತಿದ್ದವರು ನಾವು. ನಮ್ಮವರಿಗೆ ದಾಸಯ್ಯ ಬಂದು ಶಂಖ ಊದುತ್ತಾನೆ, ಜಾಗಟೆ ಬಡಿಯುತ್ತಾನೆ, ಮಣ್ಣು ಹಾಕುತ್ತೇವೆ. ಅವರು ಎಲ್ಲಿಗೂ ಹೋಗುವುದಿಲ್ಲ. ನಮ್ಮ ಸೀಮೆಯ ನೀಲಗಾರರು ಹಾಡುವ ಮಂಟೇಸ್ವಾಮಿಯೇ ಸ್ವರ್ಗಕ್ಕಲ್ಲ, 'ಧರೆಗೆ ದೊಡ್ಡವರು'. ಮೈ ನಾರುವ ರೂಪದಲ್ಲಿ ಕಲ್ಯಾಣದ ಬಾಗಿಲಿಗೆ ಹೋಗಿ ಶರಣರನ್ನೇ ಪರೀಕ್ಷೆ ಮಾಡಿದವನು ಕೊನೆಗೆ ಇಳಿದದ್ದು ನೆಲದೊಳಕ್ಕೆ, ಬೊಪ್ಪೇಗೌಡನಪುರದಲ್ಲಿ. ಮೊಮ್ಮಗು ಹುಟ್ಟಿದರೆ ತಾತನೇ ಬಂದ ಅನ್ನುತ್ತೇವೆ. ಆ ಮಾತಿನಲ್ಲಿ ಹುಟ್ಟು ಶಿಕ್ಷೆಯಲ್ಲ, ಮನೆಗೆ ವಾಪಸು ಬರುವುದು. ಮಹಾಲಯ ಅಮಾವಾಸ್ಯೆಗೆ ಹಿರೀಕರು ಉಣ್ಣಲು ಬರುತ್ತಾರೆ. ಮರುಹುಟ್ಟು ಪಡೆದವನು ಎಡೆ ಉಣ್ಣಲು ಹೇಗೆ ಬರುತ್ತಾನೆ ಅಂತ ಚಾರ್ವಾಕನ ಹಾಗೆ ನಾನೂ ಕೇಳಿದ್ದೇನೆ. ಅವ್ವ, "ನೀ ಓದ್ದೋನು, ಸುಮ್ನಿರು" ಅಂದಳು.

ಅವ್ವನಿಗೆ ಈಗ ಎಂಬತ್ತು ದಾಟಿದೆ. ಗೋಡೆಯ ಮೇಲೆ ಬಾಬಾಸಾಹೇಬರ ಪಟ, ಅದರ ಕೆಳಗೇ ಎಡೆ. ಅಪ್ಪನಿಗೆ ಬಾಡು, ಮುದ್ದೆ, ಒಂದು ಕಟ್ಟು ಬೀಡಿ, ಲೋಟದಲ್ಲಿ ಒಂದಿಷ್ಟು. ಅಜ್ಜಿಗೆ ಎಲೆಅಡಿಕೆ, ಕಡ್ಡಿಪುಡಿ. ಕೊನೆಯಲ್ಲಿ ಒಂದು ಸಣ್ಣ ಎಲೆ ಹಾಕಿ ಅದರ ಮೇಲೆ ಬೆಲ್ಲದ ಮಿಠಾಯಿ, ಒಂದು ಹಿಡಿ ಪುರಿ, ಒಂದು ಬುಗುರಿ ಇಡುತ್ತಾಳೆ. ಆಮೇಲೆ ಬಾಗಿಲು ಮುಂದಕ್ಕೆಳೆದು ನಮ್ಮನ್ನೆಲ್ಲ ಜಗುಲಿಗೆ ಕಳಿಸುತ್ತಾಳೆ, ಅವರು ಬಂದು ಉಣ್ಣಲಿ ಅಂತ. ಮೊನ್ನೆ ನನ್ನ ಮಗಳು, ಕಾಲೇಜಿಗೆ ಹೋಗುವವಳು, ಜಗುಲಿಯಲ್ಲಿ ಕೂತು ಪ್ರತಿಜ್ಞೆಯ ವಿಷಯ ಎತ್ತಿದಳು. ನಾನು ಏನೋ ಹೇಳಲು ಹೋದೆ. ಒಳಗಿಂದ ಅವ್ವ, "ಮೆತ್ತಗೆ ಮಾತಾಡ್ರವ್ವ, ಮಗ ಉಣ್ತಾ ಅದೆ" ಅಂದಳು.